ಕಂಬಿ ಕಾಯುವುದು ಯಾರನ್ನು?

ದೆಹಲಿಯಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳಲ್ಲಿ ಮಗನಿಗೆ ಕೆಲಸವಾಯಿತೆಂದರೆ ಮೊದಲ ಸಂಬಳದಲ್ಲಿ ತಾಯಿಗೊಂದು ಸೀರೆ. ಆರನೆಯ ಸಂಬಳದ ಹೊತ್ತಿಗೆ ಬಾಗಿಲ ಮುಂದೊಂದು ಮೋಟಾರು ಸೈಕಲ್ಲು. ಇದು ಈಗ ಹೆಚ್ಚುಕಡಮೆ ಸಂಪ್ರದಾಯವೇ ಆಗಿಹೋಗಿದೆ. ಗಾಡಿ ಮನೆಗೆ ಬಂದ ದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡುವವರು ತಾಯಿ. ಕಂತಿನ ಲೆಕ್ಕ ಹಾಕುವವರು ತಂದೆ. ಆ ವಾರ ಕಳೆಯುವುದರೊಳಗೆ ‘ಇದಕ್ಕೊಂದು ಕ್ರ್ಯಾಶ್ ಗಾರ್ಡ್ ಹಾಕಿಸಬೇಕು’ ಎನ್ನುವವನು ಮಗ. ‘ಹಾಕಿಸಪ್ಪ, ಬಿದ್ದರೆ ಕಾಲಿಗೆ ಏನೂ ಆಗಬಾರದು’ ಎಂದು ತಾಯಿ ಒಪ್ಪುತ್ತಾರೆ. ತಂದೆ ಹಣ ಕೊಡುತ್ತಾರೆ. ಗಾಡಿಯ ಮುಂದೆ ಹೊಳೆಯುವ ಉಕ್ಕಿನ ಕಂಬಿ ಬಂದು ಕೂತಮೇಲೆ ಮನೆಮಂದಿಗೆಲ್ಲ ಒಂದು ಬಗೆಯ ನೆಮ್ಮದಿ. ಆ ನೆಮ್ಮದಿಗೆ ಎಷ್ಟರ ಮಟ್ಟಿಗೆ ಆಧಾರವುಂಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಂಬಿ ಹಾಕಿಸಬಾರದು ಎಂದು ನಾವು ಹೇಳಹೊರಟಿಲ್ಲ. ಹಾಕಿಸಬಹುದು, ಸರಿಯಾಗಿ ಹಾಕಿಸಿದರೆ ಪ್ರಯೋಜನವೂ ಉಂಟು. ಆದರೆ ಅದು ಯಾರನ್ನು ಕಾಯುತ್ತದೆ, ಯಾರನ್ನು ಕಾಯುವುದಿಲ್ಲ ಎಂಬುದು ಹಣ ಕೊಡುವವರಿಗೆ ತಿಳಿದಿರುವುದು ಒಳ್ಳೆಯದು.

ನಾಯಿವಾಲಾ ಗಲ್ಲಿ

ದೆಹಲಿಯಲ್ಲಿ ಇಂಥ ಕೆಲಸಕ್ಕೆ ಹೋಗಬೇಕಾದ ಜಾಗ ಕರೋಲ್ ಬಾಗ್. ನಮ್ಮವರಿಗೆ ಆ ಬಡಾವಣೆ ಹೊಸದಲ್ಲ. 1947ರ ವಿಭಜನೆಯ ಬಳಿಕ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದವರು ಅಲ್ಲಿ ಅಂಗಡಿ ಹೂಡಿದರು. ಕೇಂದ್ರ ಸರ್ಕಾರದ ಕಚೇರಿಗಳಿಗೆಂದು ದಕ್ಷಿಣದಿಂದ ಬಂದ ಗುಮಾಸ್ತರೂ ಸ್ಟೆನೋಗ್ರಾಫರುಗಳೂ ಅದೇ ಬಡಾವಣೆಯಲ್ಲಿ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಕಾಫಿಪುಡಿ, ಹಪ್ಪಳ, ಕರಿಬೇವಿಗಾಗಿ ಕರೋಲ್ ಬಾಗಿಗೆ ಹೋಗಿ ಬರುತ್ತಿದ್ದ ದಿನಗಳನ್ನು ನೆನೆಯುವ ಹಿರಿಯರು ಇಂದಿಗೂ ನಮ್ಮ ಸಂಘದಲ್ಲಿದ್ದಾರೆ. ಅಜ್ಮಲ್ ಖಾನ್ ರಸ್ತೆಯಲ್ಲಿ ಸ್ವೆಟರು ಕೊಳ್ಳದೆ ದೆಹಲಿಯ ಮೊದಲ ಚಳಿಗಾಲವನ್ನು ಕಳೆದವರು ನಮ್ಮಲ್ಲಿ ಕಡಮೆ.

ಅದೇ ಬಡಾವಣೆಯ ಇನ್ನೊಂದು ಮುಖ ಮೋಟಾರು ಸೈಕಲ್ಲಿನ ಪೇಟೆ. ನಾಯಿವಾಲಾ ಎಂಬ ಹೆಸರನ್ನು ಕೇಳಿದೊಡನೆ ಊರಿನಿಂದ ಬಂದ ನೆಂಟರು ನಗುವುದುಂಟು. ಹಿಂದಿಯಲ್ಲಿ ‘ನಾಯಿ’ ಎಂದರೆ ಕ್ಷೌರಿಕ. ನಮ್ಮ ಬೀದಿಯ ನಾಯಿಗೂ ಅದಕ್ಕೂ ಸಂಬಂಧವಿಲ್ಲ. ಆ ಗಲ್ಲಿಗಳಲ್ಲಿ ಹಳೆಯ ಬುಲೆಟ್ಟುಗಳನ್ನು ಬಿಚ್ಚಿ ಜೋಡಿಸುವವರು, ಬಿಡಿಭಾಗ ಮಾರುವವರು, ಸೀಟು ಹೊಲಿಯುವವರು, ಬೆಸುಗೆ ಹಾಕುವವರು ಎಲ್ಲರೂ ಒಬ್ಬರ ಪಕ್ಕದಲ್ಲೊಬ್ಬರು ಕೂತಿರುತ್ತಾರೆ. ಹಿಮಾಲಯದ ಕಡೆಗೆ ಹೊರಡುವ ತರುಣರು, ವಿದೇಶದಿಂದ ಬಂದ ಪ್ರವಾಸಿಗಳು, ಗಾಡಿಗೆ ಬೇಕಾದ ಸಜ್ಜನ್ನೆಲ್ಲ ಇಲ್ಲಿಯೇ ಮಾಡಿಸಿಕೊಳ್ಳುತ್ತಾರೆ. ಸಾಮಾನಿನ ಚೀಲಗಳನ್ನು ಎರಡು ಪಕ್ಕಕ್ಕೂ ತೂಗುಹಾಕುವ ಕಬ್ಬಿಣದ ಚೌಕಟ್ಟಿಗೆ ಇಲ್ಲಿ ‘ಲಡಾಖ್ ಕ್ಯಾರಿಯರ್’ ಎಂದೇ ಹೆಸರು.

ಹೋಗುವವರಿಗೆ ಒಂದು ಮಾತು: ಸೋಮವಾರ ಕರೋಲ್ ಬಾಗಿನ ಪೇಟೆಗೆ ವಾರದ ರಜೆ. ಬೈಕಿಲ್ಲದೆ ಬರಿಯ ಸಾಮಾನು ನೋಡಲು ಹೋಗುವವರಿಗೆ 2005ರ ಡಿಸೆಂಬರ್ 31ರಂದು ಆರಂಭವಾದ ಮೆಟ್ರೋ ನಿಲ್ದಾಣವೇ ಅನುಕೂಲ. ಆ ಗಲ್ಲಿಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋದೀತು.

ಮೈಸೂರಿನ ನೆನಪು

ಎಂಜಿನ್ನಿನ ಮುಂದೆ ಕಂಬಿ ಕಟ್ಟುವ ಪದ್ಧತಿ ಇಂದು ನಿನ್ನೆಯದಲ್ಲ. ನಮ್ಮ ಹಿರಿಯರಿಗೆ ಇದರ ಪರಿಚಯ ಮೈಸೂರಿನಲ್ಲೇ ಆಗಿತ್ತು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಮೊದಲ ಜಾವಾ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ತಳೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಂಡ್ಯ, ಹಾಸನ, ಶಿವಮೊಗ್ಗದ ರಸ್ತೆಗಳಲ್ಲಿ ಓಡಾಡುತ್ತಿದ್ದ ಎಷ್ಟೋ ಯೆಜ್ಡಿಗಳಿಗೆ ಮುಂದೆ ದಪ್ಪ ಕೊಳವೆಯ ಕಾಲುಗಂಬಿ ಇರುತ್ತಿತ್ತು. ಜಮೀನಿನ ಬದುವಿನ ಮೇಲೆ, ಮಳೆಗಾಲದ ಕೆಸರಿನಲ್ಲಿ, ಗಾಡಿ ಜಾರಿ ಮಗ್ಗುಲಾಗುವುದು ಅಲ್ಲಿ ನಿತ್ಯದ ಮಾತು. ಹಾಗೆ ಮೆಲ್ಲಗೆ ಬಿದ್ದಾಗ ಕಂಬಿ ನೆಲಕ್ಕೆ ತಾಗಿ ಎಂಜಿನ್ನನ್ನೂ ಸವಾರನ ಪಾದವನ್ನೂ ಉಳಿಸುತ್ತಿತ್ತು. ಇತ್ತ ಮದ್ರಾಸಿನಲ್ಲಿ 1955ರಿಂದ ಎನ್‌ಫೀಲ್ಡ್ ಗಾಡಿಗಳ ತಯಾರಿಕೆಗೆ ಏರ್ಪಾಡಾಗಿ, ಆ ಬುಲೆಟ್ಟುಗಳ ಮೇಲೆ ಪೊಲೀಸಿನವರೂ ಸೈನ್ಯದವರೂ ಓಡಾಡತೊಡಗಿದರು. ‘ಗಟ್ಟಿ ಗಾಡಿ, ಗಟ್ಟಿ ಕಂಬಿ’ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿದ್ದು ಹೀಗೆ.

ಇಂದಿನ ದೆಹಲಿಯ ಸಂಗತಿ ಬೇರೆ. ಇಲ್ಲಿ ಬದುವೂ ಇಲ್ಲ, ಕೆಸರೂ ಕಡಮೆ. ಇಲ್ಲಿರುವುದು ಎಡಬಲಗಳಿಂದ ನುಗ್ಗುವ ಇ-ರಿಕ್ಷಾ, ಥಟ್ಟನೆ ನಿಲ್ಲುವ ಬಸ್ಸು, ರಾತ್ರಿಯ ಹೆದ್ದಾರಿಯ ಲಾರಿ. ಕಂಬಿ ಮಾತ್ರ ಅದೇ ಕಂಬಿ.

ಕಟ್ಟುವ ಬಗೆ

ಈಚೆಗೆ ನಾವು ನಮ್ಮ ಬಳಗದ ತರುಣನೊಬ್ಬನ ಜೊತೆ ಆ ಗಲ್ಲಿಗೆ ಹೋಗಿದ್ದೆವು. ಅವನದು 350 ಸಿ.ಸಿ.ಯ ಎನ್‌ಫೀಲ್ಡ್. ಅಂಗಡಿಯ ಗೋಡೆಯ ತುಂಬ ಬಗೆಬಗೆಯ ಕಂಬಿಗಳು ತೂಗಾಡುತ್ತಿದ್ದವು: ಕರಿಯ ಬಣ್ಣದವು, ಕ್ರೋಮ್ ಲೇಪದವು, ಚಿಟ್ಟೆಯ ರೆಕ್ಕೆಯಂಥವು, ಎಂಟು ಮೂಲೆಯವು. ಹುಡುಗ ಅತ್ಯಂತ ಅಗಲವಾದದ್ದನ್ನು ಮುಟ್ಟಿ ನೋಡಿದ. ನೆಲದ ಮೇಲೆ ಕೂತು ಬೋಲ್ಟು ಬಿಚ್ಚುತ್ತಿದ್ದ ವಯಸ್ಸಾದ ಉಸ್ತಾದರು ತಲೆಯೆತ್ತದೆಯೇ ಹಿಂದಿಯಲ್ಲಿ ಕೇಳಿದರು: ‘ಬೇಟಾ, ಇದು ನೋಡೋದಕ್ಕೋ, ಬೀಳೋದಕ್ಕೋ?’

ಆ ಪ್ರಶ್ನೆಯಲ್ಲಿ ಈ ವಿದ್ಯೆಯ ಅರ್ಧಭಾಗ ಅಡಗಿದೆ. ನೋಟಕ್ಕೆ ಕೊಳ್ಳುವವನು ಹೊಳಪನ್ನೂ ಅಗಲವನ್ನೂ ನೋಡುತ್ತಾನೆ. ಬೀಳುವ ದಿನವನ್ನು ನೆನೆದು ಕೊಳ್ಳುವವನು ನೋಡಬೇಕಾದದ್ದು ಕಂಬಿ ಗಾಡಿಗೆ ಎಲ್ಲಿ ಅಂಟಿಕೊಳ್ಳುತ್ತದೆ ಎಂಬುದನ್ನು. ಬಿದ್ದಾಗ ಕಂಬಿಗೆ ತಗಲಿದ ಪೆಟ್ಟು ಅಲ್ಲಿಯೇ ಮಾಯವಾಗುವುದಿಲ್ಲ. ಕಂಬಿಯನ್ನು ಹಿಡಿದಿರುವ ಬೋಲ್ಟಿನ ಮೂಲಕ ಗಾಡಿಯ ಒಡಲಿಗೆ ಹೋಗುತ್ತದೆ. ಆ ಬೋಲ್ಟು ಚೌಕಟ್ಟಿನ ಉಕ್ಕಿನ ಕೊಳವೆಯಲ್ಲಿದ್ದರೆ ಪೆಟ್ಟನ್ನು ಚೌಕಟ್ಟು ತಾಳಿಕೊಂಡೀತು. ಎಂಜಿನ್ನಿನ ಅಲ್ಯೂಮಿನಿಯಂ ಕವಚದಲ್ಲಿದ್ದರೆ ಆ ಕವಚವೇ ಸೀಳೀತು. ಎಂಜಿನ್ನನ್ನು ಕಾಯಲೆಂದು ತಂದ ಕಂಬಿ ಎಂಜಿನ್ನನ್ನೇ ಒಡೆದಂತಾಯಿತು.

ಆದ್ದರಿಂದ ಎಡಕ್ಕೂ ಬಲಕ್ಕೂ ಒಂದೇ ಬೋಲ್ಟಿನಲ್ಲಿ ನಿಲ್ಲುವ ಕಂಬಿಗಿಂತ, ಮೇಲೆ ಚೌಕಟ್ಟಿನ ಕೊಳವೆಗೆ ಕ್ಲಾಂಪು, ಕೆಳಗೆ ಎಂಜಿನ್ನನ್ನು ಚೌಕಟ್ಟಿಗೆ ಬಿಗಿದಿರುವ ಬೋಲ್ಟು, ಹೀಗೆ ಎರಡು ಮೂರು ಕಡೆ ಹಿಡಿತವಿರುವ ಕಂಬಿ ಮೇಲು. ಆಯಾ ಮಾದರಿಯ ಗಾಡಿಗೆಂದೇ ಮಾಡಿದ ಕಂಬಿಯಾದರೆ ತೂತುಗಳು ತಾವಾಗಿ ಕೂಡಿಕೊಳ್ಳುತ್ತವೆ. ‘ಎಲ್ಲ ಗಾಡಿಗೂ ಆಗುತ್ತೆ’ ಎಂದು ಮಾರುವ ಕಂಬಿ ಯಾವ ಗಾಡಿಗೂ ಸರಿಯಾಗಿ ಆಗುವುದಿಲ್ಲ. ತೂತು ಕೂಡದಿದ್ದಾಗ ‘ಸ್ವಲ್ಪ ಬೆಸುಗೆ ಹಾಕಿಬಿಡೋಣ’ ಎಂಬ ಸಲಹೆ ಬರುತ್ತದೆ. ಅದಕ್ಕೆ ಒಪ್ಪತಕ್ಕದ್ದಲ್ಲ. ಬೆಸುಗೆಯ ಕಾವಿನಿಂದ ಚೌಕಟ್ಟಿನ ಉಕ್ಕು ಆ ಜಾಗದಲ್ಲಿ ತನ್ನ ಗುಣ ಕಳೆದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಅಂಥ ಕಡೆಯೇ.

ಇನ್ನು ಕಟ್ಟುವ ಕ್ರಮ. ಉಸ್ತಾದರು ಮಾಡಿದ್ದನ್ನು ನಾವು ನೋಡಿದಂತೆ ಬರೆಯುತ್ತೇವೆ. ಮನೆಯಲ್ಲಿ ಕಟ್ಟಿಕೊಳ್ಳುವ ಉತ್ಸಾಹಿಗಳಿಗೂ ಉಪಯೋಗವಾದೀತು. ಮೊದಲು ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಮರದ ತುಂಡೊಂದನ್ನಿಟ್ಟು ಜಾಕಿನಿಂದ ಆಸರೆ ಕೊಟ್ಟರು. ಎಂಜಿನ್ನನ್ನು ಹಿಡಿದಿರುವ ಬೋಲ್ಟನ್ನು ತೆಗೆಯುವಾಗ ಈ ಆಸರೆ ಇಲ್ಲದಿದ್ದರೆ ಎಂಜಿನ್ನು ಕೂದಲೆಳೆಯಷ್ಟು ಇಳಿದು ಬೋಲ್ಟು ಮತ್ತೆ ಒಳಕ್ಕೆ ಹೋಗದಂತಾಗುತ್ತದೆ. ಬೋಲ್ಟುಗಳನ್ನು ಒಂದೊಂದಾಗಿಯೇ ತೆಗೆಯಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಬಾರದು. ಕಂಬಿಯ ತಗಡು ಸೇರುವುದರಿಂದ ಹಳೆಯ ಬೋಲ್ಟು ಗಿಡ್ಡವಾದೀತು. ಬಿಗಿದ ಮೇಲೆ ನಟ್ಟಿನಿಂದಾಚೆಗೆ ಎರಡು ಮೂರು ಸುತ್ತು ಮರೆಯಾದರೂ ಕಾಣಬೇಕು. ಹೊಸ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಒತ್ತಿರುತ್ತದೆ. ಅದು ಉಕ್ಕಿನ ಬಲದ ಗುರುತು. ಅಂಕಿಯಿಲ್ಲದ ಬೋಲ್ಟು ಬಾಗಿಲ ಚಿಲಕಕ್ಕೆ ಸಾಕು, ಎಂಜಿನ್ನಿಗೆ ಸಾಲದು.

ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಸಡಿಲವಾಗಿ ತೊಡಿಸಿ, ಕಂಬಿ ನೇರವಾಗಿದೆಯೇ ಎಂದು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಒಂದಾದಮೇಲೊಂದರಂತೆ ಬಿಗಿಯುವುದು ಕ್ರಮ. ಒಂದನ್ನೇ ಪೂರ್ತಿ ಬಿಗಿದರೆ ಕಂಬಿ ಸೆಳೆತದಲ್ಲೇ ನಿಂತು, ಓಡಾಟದ ನಡುಕಕ್ಕೆ ಬೇಗ ಬಿರಿಯುತ್ತದೆ. ಎಷ್ಟು ಬಿಗಿಯಬೇಕೆಂಬುದನ್ನು ಗಾಡಿಯ ಕೈಪಿಡಿ ಹೇಳುತ್ತದೆ. ಅದನ್ನು ಅಳೆಯಲು ಟಾರ್ಕ್ ರೆಂಚ್ ಎಂಬ ಉಪಕರಣವುಂಟು. ಅಂಗಡಿಯಲ್ಲಿದ್ದರೆ ಅದನ್ನೇ ಬಳಸಲು ಕೇಳಬೇಕು. ಗುಂಡುಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಶಕ್ತಿಪ್ರದರ್ಶನ ಮಾಡುವವರ ಕೈಗೆ ಗಾಡಿ ಕೊಡಬಾರದು.

ಬಿಗಿದಾದ ಮೇಲೆ ಪರೀಕ್ಷೆ. ಹ್ಯಾಂಡಲನ್ನು ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಯವರೆಗೆ ತಿರುಗಿಸಿ ನೋಡಬೇಕು, ಎಲ್ಲಿಯೂ ತಾಗಬಾರದು. ಮುಂದಿನ ಬ್ರೇಕು ಹಿಡಿದು ಗಾಡಿಯನ್ನು ಬಲವಾಗಿ ಒತ್ತಿದಾಗ ಮಡ್‌ಗಾರ್ಡು ಕಂಬಿಯನ್ನು ಮುಟ್ಟಬಾರದು. ಕಾಲಿನ ಬ್ರೇಕಿಗೂ ಗೇರಿಗೂ ಪಾದವಾಡಲು ಜಾಗವಿರಬೇಕು. ಹಾರನ್ನಿನ ಮುಖ ಮುಚ್ಚಿರಬಾರದು. ಎಣ್ಣೆ ಬದಲಿಸುವ ಬಿರಡೆಗೆ ಸ್ಪ್ಯಾನರು ಹೋಗುವಂತಿರಬೇಕು. ಕೊಳವೆಯ ತುದಿಗಳು ತೆರೆದಿದ್ದರೆ ರಬ್ಬರಿನ ಬಿರಡೆ ಹಾಕಿಸಬೇಕು. ಇಲ್ಲವಾದರೆ ಒಂದು ಮಳೆಗಾಲದ ನೀರು ಸಾಕು, ತುಕ್ಕು ಒಳಗಿನಿಂದಲೇ ಕೊರೆಯತೊಡಗುತ್ತದೆ. ನೂರು ಕಿಲೋಮೀಟರು ಓಡಿಸಿದ ಬಳಿಕ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ನೋಡಿಸತಕ್ಕದ್ದು.

ಕಂಬಿಯ ಅಗಲದ ವಿಚಾರ ಬೇರೆಯೇ ಹೇಳಬೇಕು. ಅದು ಹ್ಯಾಂಡಲಿನ ತುದಿಗಳಿಗಿಂತ ಹೊರಚಾಚಿರಬಾರದು. ಸಂದಣಿಯಲ್ಲಿ ಸವಾರನ ಕಣ್ಣು ಹ್ಯಾಂಡಲಿನ ಅಗಲವನ್ನು ಲೆಕ್ಕ ಹಾಕುತ್ತದೆ, ಕೆಳಗಿರುವ ಕಂಬಿಯನ್ನಲ್ಲ. ಪಕ್ಕದ ಇ-ರಿಕ್ಷಾದ ಚಕ್ರಕ್ಕೋ ಕಾರಿನ ಬಂಪರಿಗೋ ಕಂಬಿ ಸಿಕ್ಕಿಕೊಂಡರೆ, ಬೀಳದೆ ಹೋಗಬಹುದಾಗಿದ್ದವನೂ ಬೀಳುತ್ತಾನೆ.

ಒಮ್ಮೆ ಬಿದ್ದು ಬಾಗಿದ ಕಂಬಿಯನ್ನು ಕಾಯಿಸಿ ನೆಟ್ಟಗೆ ಮಾಡಿ ಮತ್ತೆ ಹಾಕಿಸುವುದು ಸರಿಯಲ್ಲ. ಬಾಗುವುದೇ ಅದರ ಕೆಲಸ. ಬಾಗಿ ಪೆಟ್ಟನ್ನು ನುಂಗಿತು, ಅದರ ಆಯುಸ್ಸು ಮುಗಿಯಿತು.

ಕಾಯುವುದು ಎಷ್ಟು?

ಇಷ್ಟೆಲ್ಲ ಸರಿಯಾಗಿ ಕಟ್ಟಿಸಿದ ಕಂಬಿಯೂ ಕಾಯುವುದು ಎಷ್ಟನ್ನು? ಕ್ಲಾಸಿಕ್ 350 ಗಾಡಿಯ ತೂಕ ಸುಮಾರು 195 ಕಿಲೋಗ್ರಾಂ. ನಿಂತಲ್ಲೇ ಅದು ಮಗುಚಿದರೂ ಟ್ಯಾಂಕು ನುಗ್ಗಾಗಬಹುದು, ಗೇರಿನ ಕಡ್ಡಿ ಮುರಿಯಬಹುದು, ಸವಾರನ ಪಾದ ಅಡಿಯಲ್ಲಿ ಸಿಕ್ಕಬಹುದು. ಇಲ್ಲಿ ಕಂಬಿ ನಿಜವಾಗಿಯೂ ಉಪಕಾರಿ. ಮನಾಲಿಯಿಂದ ಲೇಹಕ್ಕೆ ಹೋಗುವ ದಾರಿಯಲ್ಲಿ ಜಲ್ಲಿಯ ಮೇಲೆ ಜಾರಿದವನು ಎಂಜಿನ್ನು ಒಡೆಯದೆ ಮುಂದಿನ ಊರು ಸೇರುವುದಕ್ಕೆ ಅದೇ ಕಾರಣವಾದೀತು. ಅಲ್ಲಿ ಹತ್ತಿರದ ಮೆಕ್ಯಾನಿಕ್ಕು ನೂರು ಕಿಲೋಮೀಟರು ದೂರದಲ್ಲಿರಬಹುದಾದ್ದರಿಂದ ಇದು ಸಣ್ಣ ಉಪಕಾರವಲ್ಲ.

ಆದರೆ ಢಿಕ್ಕಿಯ ಮಾತು ಬೇರೆ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು ಒಂದೂವರೆ ಮೀಟರು ಎತ್ತರದಿಂದ ಬಿದ್ದದ್ದಕ್ಕೆ ಸಮ. 50 ಕಿಲೋಮೀಟರು ವೇಗದಲ್ಲಾದರೆ ಅದು ಸುಮಾರು ಹತ್ತು ಮೀಟರು, ಎಂದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದಂತೆ. ಅಂಥ ಹೊತ್ತಿನಲ್ಲಿ ಸವಾರ ಗಾಡಿಯ ಮೇಲೆ ಇರುವುದೇ ಇಲ್ಲ. ಗಾಡಿ ಒಂದು ಕಡೆ, ಕಂಬಿ ಅದರ ಜೊತೆಗೆ. ಸವಾರ ಇನ್ನೊಂದು ಕಡೆ.

ಇದನ್ನು ಕ್ರಮಬದ್ಧವಾಗಿ ಪರಿಶೀಲಿಸಿದವರುಂಟು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಎಂಬುವರು ತಮ್ಮ ಸಂಗಡಿಗರೊಂದಿಗೆ ಲಾಸ್ ಏಂಜಲೀಸ್ ಸುತ್ತಮುತ್ತ 900 ಮೋಟಾರು ಸೈಕಲ್ ಅಪಘಾತಗಳನ್ನು ಆ ಸ್ಥಳಕ್ಕೇ ಹೋಗಿ ಪರೀಕ್ಷಿಸಿ, 3,600 ಪೊಲೀಸ್ ವರದಿಗಳನ್ನೂ ಓದಿ, 1981ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕಂಬಿಯ ವಿಷಯದಲ್ಲಿ ಅವರು ಕಂಡುಕೊಂಡದ್ದು ಸ್ಪಷ್ಟವಾಗಿದೆ. ಕಂಬಿಯಿದ್ದವರಲ್ಲಿ ಪಾದಕ್ಕೂ ಹರಡಿಗೂ ಆದ ಗಾಯಗಳು ಕಡಮೆ. ಆದರೆ ತೊಡೆಗೆ, ಮೊಣಕಾಲಿಗೆ, ಮೊಣಕಾಲಿನ ಕೆಳಭಾಗಕ್ಕೆ ಆದ ಗಾಯಗಳು ಹೆಚ್ಚು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ತೆತ್ತಂತಾಗಿ ಲೆಕ್ಕ ಸರಿಹೋಯಿತು. ಗಾಯ ತಪ್ಪಿಸುವ ಸಾಧನವೆಂದು ಕಂಬಿಯನ್ನು ನೆಚ್ಚುವಂತಿಲ್ಲ ಎಂದು ಅವರು ತೀರ್ಮಾನಿಸಿದರು. ಅದೇ ವರದಿಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು: ಅರ್ಧಕ್ಕರ್ಧ ಅಪಘಾತಗಳಲ್ಲಿ ಗಾಡಿಯ ಮೊದಲ ವೇಗ ಗಂಟೆಗೆ 48 ಕಿಲೋಮೀಟರಿಗಿಂತ ಕಡಮೆಯಾಗಿತ್ತು. ‘ನಮ್ಮ ಹುಡುಗ ಜೋರಾಗಿ ಓಡಿಸುವುದಿಲ್ಲ’ ಎಂಬ ಸಮಾಧಾನಕ್ಕೂ ಮಿತಿಯಿದೆ ಎಂದಾಯಿತು.

ಕಂಬಿಯ ಮೇಲೆ ಕಾಲು ಚಾಚಿ ಓಡಿಸುವ ಚಾಳಿಯನ್ನೂ ಇಲ್ಲಿಯೇ ಹೇಳಿಬಿಡೋಣ. ಉದ್ದ ದಾರಿಯಲ್ಲಿ ಮೊಣಕಾಲಿಗೆ ಅದು ಹಿತವೇ. ಆದರೆ ಪಾದ ಬ್ರೇಕಿನ ಮೇಲಿರುವುದಿಲ್ಲ. ಕಾಲನ್ನು ಹಿಂದೆಗೆದು ಬ್ರೇಕು ಒತ್ತುವ ಕ್ಷಣದಲ್ಲಿ ಗಾಡಿ ಹಲವು ಮೀಟರು ಓಡಿಬಿಟ್ಟಿರುತ್ತದೆ.

ಕಾನೂನಿನ ಮಾತು

2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ವಾಹನಗಳಿಗೆ ಕ್ರ್ಯಾಶ್ ಗಾರ್ಡ್ ಕಟ್ಟಿಸುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಅದು ಮುಖ್ಯವಾಗಿ ಕಾರು ಜೀಪುಗಳ ಮುಂದೆ ಕಟ್ಟುವ ಕಬ್ಬಿಣದ ಬೇಲಿಯನ್ನು ಕುರಿತದ್ದು; ಆ ಬೇಲಿ ಪಾದಚಾರಿಗಳಿಗೂ ಒಳಗೆ ಕೂತವರಿಗೂ ಅಪಾಯಕಾರಿ ಎಂಬುದು ಕಾರಣ. ಅದರ ಆಧಾರ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು: ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದೇ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸಲು ಅವಕಾಶವಾಯಿತು.

ಮೋಟಾರು ಸೈಕಲ್ಲಿನ ಕಂಬಿಯನ್ನು ತಯಾರಕರೇ ತಮ್ಮ ಅಂಗಡಿಗಳಲ್ಲಿ ಬಿಡಿಯಾಗಿ ಮಾರುತ್ತಾರೆ. ಆದ್ದರಿಂದ ನಮ್ಮ ಸಲಹೆ ಇಷ್ಟು: ಆಯಾ ಗಾಡಿಗೆ ತಯಾರಕರು ಒಪ್ಪಿದ ಕಂಬಿಯನ್ನೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ, ಚೌಕಟ್ಟನ್ನು ಕೊಯ್ಯಿಸಬೇಡಿ. ವಿಮೆ ನವೀಕರಿಸುವಾಗ ಆ ಸಾಮಾನಿನ ಬೆಲೆಯನ್ನು ತಿಳಿಸಿ. ತಿಳಿಸದ ಸಾಮಾನಿಗೆ ಪರಿಹಾರ ಬರುತ್ತದೆಂದು ನಂಬಬೇಡಿ.

ಹಿಂದೆ ಕಳಚಿದ ಕಂಬಿ

ಇಲ್ಲಿಗೆ ಲೇಖನ ಮುಗಿಯಬಹುದಾಗಿತ್ತು. ಆದರೆ ಅಂದು ಆ ಗಲ್ಲಿಯಲ್ಲಿ ನಾವು ಇನ್ನೊಂದನ್ನೂ ನೋಡಿದೆವು. ಅಂಗಡಿಯ ಮೂಲೆಯಲ್ಲಿ ಹಳೆಯ ಕಂಬಿಗಳ ರಾಶಿಯೊಂದು ಬಿದ್ದಿತ್ತು. ಹಳೆಯವೆಂದರೂ ಬಣ್ಣ ಮಾಸಿರಲಿಲ್ಲ, ಗೀರೂ ಇರಲಿಲ್ಲ. ಏನೆಂದು ಕೇಳಿದಾಗ ಉಸ್ತಾದರು ಹೇಳಿದರು: ‘ಸೀರೆ ಗಾರ್ಡು, ಸಾಹೇಬರೆ. ಹೊಸ ಗಾಡಿ ತಂದವರು ಮೊದಲು ಕಳಚಿಸುವುದು ಇದನ್ನೇ. ನೋಟ ಕೆಡುತ್ತದೆಯಂತೆ.’

ವಾಚಕರೇ, ಈ ಸೀರೆ ಗಾರ್ಡು ಎಂಬುದು ಗಾಡಿಯ ಹಿಂದಿನ ಚಕ್ರದ ಪಕ್ಕದಲ್ಲಿರುವ ಸಾಧಾರಣವಾದ ಕಂಬಿ ಅಥವಾ ಜಾಲರಿ. ಹಿಂದೆ ಕೂತವರ ಬಟ್ಟೆ ಚಕ್ರದ ಕಡ್ಡಿಗಳಿಗೆ ಸಿಕ್ಕದಂತೆ ತಡೆಯುವುದು ಅದರ ಕೆಲಸ. ಅದು ಅಂಗಡಿಯವನು ಉಚಿತವಾಗಿ ಕೊಟ್ಟ ಅಲಂಕಾರವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಅದನ್ನು ಕಡ್ಡಾಯ ಮಾಡಿದೆ. ಹಿಂಬದಿಯ ಸವಾರರಿಗೆ ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಮೆಟ್ಟಿಲು, ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗಕ್ಕೆ ಮರೆ: ಈ ಮೂರೂ ಇಲ್ಲದೆ ಗಾಡಿ ತಯಾರಾಗತಕ್ಕದ್ದಲ್ಲ.

ಸೀರೆಯ ಸೆರಗೋ, ಚೂಡಿದಾರದ ದುಪ್ಪಟ್ಟವೋ ಓಡುವ ಚಕ್ರಕ್ಕೆ ಸಿಕ್ಕಿತೆಂದರೆ ಅದು ಹರಿದುಹೋಗುವವರೆಗೆ ಕಾಯುವುದಿಲ್ಲ. ಚಕ್ರದ ಒಂದು ಸುತ್ತಿಗೆ ಒಂದು ಗಜಕ್ಕೂ ಮಿಕ್ಕಿ ಬಟ್ಟೆಯನ್ನು ಎಳೆದುಕೊಳ್ಳಬಲ್ಲುದು. ಕುತ್ತಿಗೆಗೆ ಸುತ್ತಿದ ದುಪ್ಪಟ್ಟವಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಜಗತ್ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು ಹೀಗೆಯೇ. ಆಕೆಯ ಉದ್ದನೆಯ ರೇಷ್ಮೆಯ ವಸ್ತ್ರ ಕಾರಿನ ಚಕ್ರಕ್ಕೆ ಸಿಕ್ಕಿಕೊಂಡಿತು. ನಮ್ಮ ದೇಶದ ರಸ್ತೆಗಳಲ್ಲಿ ಹೀಗೆ ಗಾಯಗೊಂಡ ಹೆಂಗಸರ ಹೆಸರು ಪುಸ್ತಕಗಳಲ್ಲಿ ಬರುವುದಿಲ್ಲ. ಆಸ್ಪತ್ರೆಯ ವೈದ್ಯರಿಗೆ ಮಾತ್ರ ಅವರ ಪರಿಚಯವಿರುತ್ತದೆ.

ಈಗ ಲೆಕ್ಕ ಹಾಕಿ ನೋಡೋಣ. ಮುಂದೆ, ಎಂಜಿನ್ನನ್ನು ಕಾಯುವುದಕ್ಕೆ ಸಾವಿರಾರು ರೂಪಾಯಿಯ ಕಂಬಿ ಬಂತು. ಹಿಂದೆ, ತಾಯಿಯನ್ನೋ ಹೆಂಡತಿಯನ್ನೋ ತಂಗಿಯನ್ನೋ ಕಾಯುತ್ತಿದ್ದ ಕಂಬಿ ಕಳಚಿ ರಾಶಿಗೆ ಹೋಯಿತು. ಲಡಾಖ್ ಕ್ಯಾರಿಯರ್ ಕಟ್ಟಿಸುವಾಗ ಜಾಗ ಸಾಲದೆಂದು ಅದನ್ನು ತೆಗೆಸುವವರುಂಟು. ಪ್ರವಾಸ ಮುಗಿದ ಮೇಲೆ ಕ್ಯಾರಿಯರ್ ಬಿಚ್ಚಿದರೂ ಸೀರೆ ಗಾರ್ಡು ಮರಳಿ ಬರುವುದಿಲ್ಲ. ಸೀಟಿನ ನಡುವಿನ ಹಿಡಿಪಟ್ಟಿಯೂ ಹೊಸ ಸೀಟು ಹೊಲಿಸುವಾಗ ಮಾಯವಾಗಿರುತ್ತದೆ. ಭಾನುವಾರ ಸಂಘದ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಕೂತು ಬರುವ ನಮ್ಮ ತಾಯಂದಿರು ಹಿಡಿದುಕೊಳ್ಳಬೇಕಾದದ್ದು ಏನನ್ನು?

ತಲೆಯ ಮಾತು

ಹೀಗೇ ತಲೆಯ ವಿಚಾರ. ದೆಹಲಿಯಲ್ಲಿ ಬಹುಕಾಲ ಹೆಂಗಸರಿಗೆ ಹೆಲ್ಮೆಟ್ಟು ಐಚ್ಛಿಕವಾಗಿತ್ತು. 2014ರ ಆಗಸ್ಟಿನಲ್ಲಿ ಸಿಖ್ ಮಹಿಳೆಯರ ಹೊರತಾಗಿ ಎಲ್ಲರಿಗೂ ಕಡ್ಡಾಯವಾಯಿತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿಯ ಸವಾರರಿಗೂ ಕಡ್ಡಾಯವಾಯಿತು. ನಿಯಮ ಬಂದು ಇಷ್ಟು ವರ್ಷಗಳಾದರೂ ನಮ್ಮ ಮನೆಗಳಲ್ಲಿ ಮಗನ ಹೆಲ್ಮೆಟ್ಟು ಒಳ್ಳೆಯದು, ತಾಯಿಯದು ಪೊಲೀಸರ ಕಣ್ಣಿಗೆ ಮಾತ್ರ. ‘ಕೂದಲು ಕೆಡುತ್ತದೆ’, ‘ಇಲ್ಲೇ ಹತ್ತಿರ ತಾನೆ’ ಎಂಬ ಮಾತುಗಳನ್ನು ನಾವೆಲ್ಲ ಕೇಳಿದ್ದೇವೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ ಎಂದು ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಹೆಲ್ಮೆಟ್ಟು ಧರಿಸದ ದ್ವಿಚಕ್ರ ಸವಾರರು 50,029. ಈ ಪೈಕಿ ಹಿಂದೆ ಕೂತವರೇ 14,337. ಇದಕ್ಕೆ ಪ್ರತಿಯಾಗಿ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ಟು ಸಾವಿನ ಸಂಭವವನ್ನು ಸುಮಾರು ಶೇಕಡ 42ರಷ್ಟೂ, ತಲೆಗೆ ಗಾಯವಾಗುವ ಸಂಭವವನ್ನು ಶೇಕಡ 69ರಷ್ಟೂ ತಗ್ಗಿಸುತ್ತದೆ. ಕಂಬಿಯ ಲೆಕ್ಕದಂತೆ ಇದು ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಸಿದುಕೊಳ್ಳುವ ಲೆಕ್ಕವಲ್ಲ.

ಕೊಳ್ಳುವಾಗ ಐ.ಎಸ್.ಐ. ಮುದ್ರೆ ನೋಡಬೇಕು, 2021ರ ಜೂನ್ 1ರಿಂದ ಆ ಮುದ್ರೆಯಿಲ್ಲದ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ನಿಷಿದ್ಧ. ತಲೆಗೆ ಹಾಕಿ, ಗದ್ದದ ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಅದು ಕಳಚಿ ಬರಬಾರದು. ತಾಯಿಯ ಹೆಲ್ಮೆಟ್ಟನ್ನು ತಾಯಿಯನ್ನು ಕರೆದುಕೊಂಡು ಹೋಗಿಯೇ ಕೊಳ್ಳಬೇಕು. ತುರುಬಿನೊಂದಿಗೆ ಹಾಕಿ ನೋಡಬೇಕು. ಚಿಕ್ಕಮಕ್ಕಳಿರುವ ಮನೆಯವರು ಇದನ್ನೂ ನೆನಪಿಡಲಿ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಕೂಡಿಸಿಕೊಂಡು ಹೋಗುವಾಗ ಮಗುವಿಗೆ ಹೆಲ್ಮೆಟ್ಟೂ ಸವಾರನಿಗೆ ಬಿಗಿಯುವ ಪಟ್ಟಿಯೂ ಇರಬೇಕು, ವೇಗ 40 ಕಿಲೋಮೀಟರು ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಗೆ ಬಂದಿದೆ.

ಹಣದ ಕ್ರಮ

ನಮ್ಮಂಥ ಮಧ್ಯಮ ವರ್ಗದವರಿಗೆ ಎಲ್ಲವನ್ನೂ ಒಂದೇ ತಿಂಗಳಲ್ಲಿ ಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಬೇಕು. ಮೊದಲ ತಿಂಗಳು ಎರಡು ಒಳ್ಳೆಯ ಹೆಲ್ಮೆಟ್ಟು, ಓಡಿಸುವವನಿಗೊಂದು, ಹಿಂದೆ ಕೂರುವವರಿಗೊಂದು. ಎರಡನೆಯ ತಿಂಗಳು ಟಯರು, ಬ್ರೇಕು, ಕನ್ನಡಿಗಳ ತಪಾಸಣೆ. ಬೀಳದಿರುವ ಉಪಾಯ ಬಿದ್ದಮೇಲಿನ ಉಪಾಯಕ್ಕಿಂತ ಅಗ್ಗ. ಹಾಗೆಯೇ ಸೀರೆ ಗಾರ್ಡು ಮತ್ತು ಹಿಡಿಕೆ ಸ್ವಸ್ಥಾನದಲ್ಲಿವೆಯೇ ಎಂದು ನೋಡುವುದು. ಅದಕ್ಕೆ ಹಣವೇ ಬೇಡ, ಕಳಚದಿದ್ದರೆ ಸಾಕು. ಮೂರನೆಯ ತಿಂಗಳು ಎಂಜಿನ್ನಿನ ಕಂಬಿ, ಅದೂ ಮೇಲೆ ಹೇಳಿದಂತೆ ಕಟ್ಟಿಸಿ.

ನಮ್ಮ ಜೊತೆ ಬಂದಿದ್ದ ಹುಡುಗ ಕಡೆಗೆ ತನ್ನ ಗಾಡಿಯ ಮಾದರಿಗೆ ಒಪ್ಪುವ ಸಾಧಾರಣ ಅಗಲದ ಕರಿಯ ಕಂಬಿಯನ್ನು ತೆಗೆದುಕೊಂಡ. ಅದನ್ನು ಬಿಗಿಯುತ್ತಿರುವಾಗ ಉಸ್ತಾದರು ಆ ರಾಶಿಯಿಂದ ಒಂದು ಸೀರೆ ಗಾರ್ಡನ್ನೂ ಎತ್ತಿಟ್ಟರು. ಅವನ ಗಾಡಿಗೆ ಅದು ಇರಲಿಲ್ಲ. ‘ಮನೆಯಲ್ಲಿ ತಾಯಿ ಇದ್ದಾರೋ?’ ಎಂದಷ್ಟೇ ಕೇಳಿದರು. ಎರಡು ಬೋಲ್ಟಿನ ಕೆಲಸ, ಹತ್ತು ನಿಮಿಷವೂ ಹಿಡಿಯಲಿಲ್ಲ.

ಇದನ್ನು ಓದಿದ ತಂದೆತಾಯಿಗಳು ಇಂದು ಸಂಜೆಯೇ ಒಮ್ಮೆ ಹೊರಗೆ ಬಂದು ಮನೆಯ ಮುಂದಿನ ಗಾಡಿಯ ಎಡಮಗ್ಗುಲನ್ನು ನೋಡಲಿ ಎಂದು ನಮ್ಮ ಕೋರಿಕೆ. ಹಿಂದಿನ ಚಕ್ರದ ಪಕ್ಕದಲ್ಲಿ ಎರಡು ಬರಿಯ ತೂತುಗಳು ಕಂಡರೆ, ಸೋಮವಾರ ಬಿಟ್ಟು ಇನ್ನು ಯಾವ ದಿನವಾದರೂ ಕರೋಲ್ ಬಾಗಿಗೆ ಹೋಗಿಬರಬಹುದು.